ಆಪ್ ಬರೆಯುವ ಮುಂಚೆ: ಆಂಡ್ರಾಯ್ಡ್‌ಗೆ ಲ್ಯಾಪ್‌ಟಾಪ್ ಸಜ್ಜು ಮಾಡುವುದು ಹೇಗೆ

ಆಪ್ ಮಾಡಲು ಕಲಿಯಬೇಕು ಅಂತ ಹೊರಟ ಎಷ್ಟೋ ಹುಡುಗ ಹುಡುಗಿಯರು ಕೋಡ್‌ನ ಮೊದಲ ಸಾಲಿಗೆ ಬರುವ ಮುಂಚೆಯೇ ಸುಸ್ತಾಗಿ ಕೈಬಿಡುತ್ತಾರೆ. ಬೆಂಗಳೂರಿನಲ್ಲಿ ಇಂಥವರು ತುಂಬಾ ಸಿಗುತ್ತಾರೆ. ವಿಜಯನಗರದಲ್ಲೋ ಬಿಟಿಎಂ ಲೇಔಟ್‌ನಲ್ಲೋ ಪಿಜಿಯಲ್ಲಿದ್ದುಕೊಂಡು, ಹಗಲು ಯಾವುದೋ ಕೆಲಸ ಮಾಡಿ, ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ಮುಂದೆ ಕೂರುವವರು. ಆಂಡ್ರಾಯ್ಡ್ ಆಪ್ ಬರೆಯಲು ಗೂಗಲ್ ಕೊಡುವ ಆಂಡ್ರಾಯ್ಡ್ ಸ್ಟುಡಿಯೊ ಹಾಕಿಕೊಳ್ಳುತ್ತಾರೆ. ಹೊಸ ಪ್ರಾಜೆಕ್ಟ್ ತೆರೆಯುತ್ತಾರೆ. ಕೆಳಗೆ ಕೆಂಪು ಅಕ್ಷರ ಬರುತ್ತದೆ. ಯೂಟ್ಯೂಬ್‌ನಲ್ಲಿ ಯಾರೋ ಹೇಳಿದ ಹಾಗೆ ಏನೋ ಒತ್ತುತ್ತಾರೆ, ಇನ್ನೊಂದು ಕೆಂಪು ಅಕ್ಷರ ಬರುತ್ತದೆ. ಹೀಗೇ ಕೆಲವು ರಾತ್ರಿ ಕಳೆದ ಮೇಲೆ "ಇದು ನನ್ನ ಕೈಲಿ ಆಗಲ್ಲ" ಅಂದುಕೊಂಡು ಲ್ಯಾಪ್‌ಟಾಪ್ ಮುಚ್ಚುತ್ತಾರೆ. ಅಷ್ಟು ಹೊತ್ತಿಗೆ ಅವರು ಪ್ರೋಗ್ರಾಮಿಂಗ್ ಶುರುವೇ ಮಾಡಿರುವುದಿಲ್ಲ! ನನಗೆ ನಿಜವಾಗಿ ಬೇಜಾರಾಗುವುದು ಇದಕ್ಕೇ.

ಆಂಡ್ರಾಯ್ಡ್ ಸ್ಟುಡಿಯೊ ಒಂದೇ ಸಾಫ್ಟ್‌ವೇರ್, ಹಾಕಿದರೆ ಮುಗಿಯಿತು ಅಂತ ಎಲ್ಲರೂ ತಿಳಿದುಕೊಂಡಿರುತ್ತಾರೆ. ಅದರ ಹಿಂದೆ ನಾಲ್ಕೈದು ಬೇರೆ ಬೇರೆ ಪ್ರೋಗ್ರಾಂಗಳಿವೆ. ಒಂದೊಂದೂ ಒಂದೊಂದು ಫೋಲ್ಡರ್‌ನಲ್ಲಿ ಕೂತಿರುತ್ತದೆ. ಒಂದೊಂದಕ್ಕೂ ಅದರದ್ದೇ ವರ್ಶನ್ ಇದೆ. ಕೆಲಸ ನಡೆಯಬೇಕಾದರೆ ಇವು ಒಂದನ್ನೊಂದು ಹುಡುಕಿಕೊಳ್ಳಬೇಕು. ಹೊಸಬರಿಗೆ ಬರುವ ಎರರ್‌ಗಳಲ್ಲಿ ಬಹುಪಾಲು ಈ ಹುಡುಕಾಟ ಎಲ್ಲೋ ತಪ್ಪಿದ್ದರಿಂದ ಬರುವಂಥವು. ಬುದ್ಧಿಗೂ ಅದಕ್ಕೂ ಸಂಬಂಧವೇ ಇಲ್ಲ. ಯಾವುದರ ಕೆಲಸ ಏನು ಅಂತ ಒಮ್ಮೆ ಗೊತ್ತಾದರೆ, ಎರರ್ ಓದಿದ ಕೂಡಲೇ ಎಲ್ಲಿ ನೋಡಬೇಕು ಅಂತ ಹೊಳೆಯುತ್ತದೆ.

ಸ್ಟುಡಿಯೊ ಹಿಂದೆ ಏನೇನಿದೆ

ಆಂಡ್ರಾಯ್ಡ್ ಸ್ಟುಡಿಯೊ ನೀವು ಕೋಡ್ ಬರೆಯುವ ಜಾಗ. ಗೂಗಲ್ ಇದನ್ನು 2013ರಲ್ಲಿ ಪ್ರಕಟಿಸಿತು. 1.0 ವರ್ಶನ್ ಬಂದಿದ್ದು 2014ರ ಡಿಸೆಂಬರ್‌ನಲ್ಲಿ. ಅದಕ್ಕೂ ಮುಂಚೆ ಎಕ್ಲಿಪ್ಸ್ ಅನ್ನುವ ಇನ್ನೊಂದು ಕೋಡ್ ಬರೆಯುವ ಸಾಫ್ಟ್‌ವೇರ್‌ಗೆ ಒಂದು ಪ್ಲಗಿನ್ ಸೇರಿಸಿಕೊಂಡು ಕೆಲಸ ಮಾಡಬೇಕಿತ್ತು. ಸ್ಟುಡಿಯೊವನ್ನು ಕಟ್ಟಿರುವುದು ಜೆಟ್‌ಬ್ರೈನ್ಸ್ ಕಂಪನಿಯ ಇಂಟೆಲಿಜೆ ಐಡಿಯಾ ಅನ್ನುವ ಅಂಥದ್ದೇ ಸಾಫ್ಟ್‌ವೇರ್ ಮೇಲೆ. ಕೋಟ್ಲಿನ್ ಭಾಷೆ ಹುಟ್ಟಿದ್ದೂ ಅದೇ ಕಂಪನಿಯಲ್ಲಿ. 2017ರಲ್ಲಿ ಗೂಗಲ್ ಕೋಟ್ಲಿನ್‌ಗೆ ಅಧಿಕೃತ ಬೆಂಬಲ ಕೊಟ್ಟಿತು. 2019ರಿಂದ ಆಂಡ್ರಾಯ್ಡ್‌ನಲ್ಲಿ ಅದಕ್ಕೇ ಮೊದಲ ಮಣೆ. ಹಾಗಾಗಿ ಈಗ ಶುರು ಮಾಡುವವರು ಜಾವಾನಾ ಕೋಟ್ಲಿನ್ನಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ಕೋಟ್ಲಿನ್ ಹಿಡಿಯಿರಿ.

ಆದರೆ ಸ್ಟುಡಿಯೊ ಒಂದರಿಂದಲೇ ಆಪ್ ಆಗುವುದಿಲ್ಲ. ಆಂಡ್ರಾಯ್ಡ್‌ಗೆ ಸಂಬಂಧಿಸಿದ ಸರಂಜಾಮೆಲ್ಲ ಎಸ್‌ಡಿಕೆ ಅನ್ನುವ ಬೇರೆ ಫೋಲ್ಡರ್‌ನಲ್ಲಿರುತ್ತದೆ. ವಿಂಡೋಸ್‌ನಲ್ಲಿ ಅದು ಸಿ ಡ್ರೈವ್‌ನ ಯೂಸರ್ಸ್ ಒಳಗೆ, ನಿಮ್ಮ ಹೆಸರಿನ ಫೋಲ್ಡರ್‌ನ ಆಪ್‌ಡೇಟಾ, ಲೋಕಲ್, ಆಂಡ್ರಾಯ್ಡ್ ದಾಟಿದ ಮೇಲೆ ಸಿಗುತ್ತದೆ. ಲಿನಕ್ಸ್‌ನಲ್ಲಿ ಹೋಮ್ ಫೋಲ್ಡರ್‌ನ ಆಂಡ್ರಾಯ್ಡ್ ಒಳಗೇ ಇರುತ್ತದೆ. ಒಮ್ಮೆ ಅದನ್ನು ತೆರೆದು ನೋಡಿ. 'ಪ್ಲಾಟ್‌ಫಾರ್ಮ್ಸ್' ಅನ್ನುವುದರಲ್ಲಿ ಒಂದೊಂದು ಆಂಡ್ರಾಯ್ಡ್ ವರ್ಶನ್‌ಗೆ ಒಂದೊಂದು ಫೋಲ್ಡರ್ ಇದೆ. ಆಂಡ್ರಾಯ್ಡ್ 14 ಅಂದರೆ 34, ಆಂಡ್ರಾಯ್ಡ್ 15 ಅಂದರೆ 35. ಈ ನಂಬರನ್ನು ಎಪಿಐ ಲೆವೆಲ್ ಅನ್ನುತ್ತಾರೆ. 'ಬಿಲ್ಡ್ ಟೂಲ್ಸ್' ಒಳಗೆ ನಿಮ್ಮ ಕೋಡ್ ಮತ್ತು ಚಿತ್ರಗಳನ್ನು ಸೇರಿಸಿ ಫೋನಿಗೆ ಹಾಕುವ ಎಪಿಕೆ ಫೈಲ್ ಮಾಡಿ ಸಹಿ ಹಾಕುವ ಪ್ರೋಗ್ರಾಂಗಳಿವೆ. 'ಪ್ಲಾಟ್‌ಫಾರ್ಮ್ ಟೂಲ್ಸ್' ಒಳಗೆ ಎಡಿಬಿ ಇದೆ. ಲ್ಯಾಪ್‌ಟಾಪ್ ಮತ್ತು ಫೋನ್ ಮಾತಾಡಿಕೊಳ್ಳುವುದು ಈ ಎಡಿಬಿ ಮೂಲಕವೇ. ಫೋಲ್ಡರ್ ಒಮ್ಮೆ ಕಣ್ಣಿಗೆ ಬಿದ್ದಿದ್ದರೆ "ಎಸ್‌ಡಿಕೆ ಲೊಕೇಶನ್ ನಾಟ್ ಫೌಂಡ್" ಅನ್ನುವ ಎರರ್ ಹೆದರಿಸುವುದಿಲ್ಲ. ಈ ಫೋಲ್ಡರ್ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗಿಲ್ಲ, ಅಷ್ಟೇ.

ಮೂರನೆಯದು ಜೆಡಿಕೆ, ಅಂದರೆ ಜಾವಾ ಪ್ರೋಗ್ರಾಂಗಳನ್ನು ಕಟ್ಟಿ ಓಡಿಸುವ ಸರಂಜಾಮು. ನೀವು ಕೋಟ್ಲಿನ್‌ನಲ್ಲಿ ಬರೆದರೂ ಹಿಂದೆ ಓಡುವ ಉಪಕರಣಗಳಿಗೆ ಜಾವಾ ಬೇಕು. ಸ್ಟುಡಿಯೊ ತನ್ನ ಜೊತೆಗೇ ಒಂದನ್ನು ತರುತ್ತದೆ. ಬೇರೆ ಜಾವಾ ಹಾಕುವ ಅಗತ್ಯ ಇಲ್ಲ.

ಇನ್ನು ಗ್ರೇಡಲ್. ಎಲ್ಲರನ್ನೂ ಕಾಡಿಸುವುದು ಇದು. ಮದುವೆ ಮನೆಯ ಅಡುಗೆ ಭಟ್ಟರನ್ನು ನೆನೆಸಿಕೊಳ್ಳಿ. ಇಷ್ಟು ಜನ, ಇಂಥ ಅಡುಗೆ ಅಂತ ಹೇಳಿದರೆ ಸಾಮಾನಿನ ಚೀಟಿ ಅವರೇ ಬರೆಯುತ್ತಾರೆ, ಸಾಮಾನು ತರಿಸುತ್ತಾರೆ, ಯಾವುದನ್ನು ಮೊದಲು ಒಲೆ ಮೇಲೆ ಇಡಬೇಕು ಅಂತಲೂ ಅವರಿಗೇ ಗೊತ್ತು. ಗ್ರೇಡಲ್ ಮಾಡುವುದೂ ಅದನ್ನೇ. ನಿಮ್ಮ ಪ್ರಾಜೆಕ್ಟ್‌ನಲ್ಲಿ 'ಬಿಲ್ಡ್ ಡಾಟ್ ಗ್ರೇಡಲ್' ಅಂತ ಶುರುವಾಗುವ ಫೈಲ್‌ಗಳಿರುತ್ತವೆ. ಯಾವ ಎಪಿಐ ಲೆವೆಲ್ ಬೇಕು, ಯಾವ ಲೈಬ್ರರಿ (ಬೇರೆಯವರು ಮೊದಲೇ ಬರೆದಿಟ್ಟ ಕೋಡ್) ಬೇಕು ಅಂತ ಅಲ್ಲಿ ಬರೆದಿರುತ್ತದೆ. ಗ್ರೇಡಲ್ ಅದನ್ನು ಓದಿ, ಗೂಗಲ್‌ನ ಮೇವನ್ ಮತ್ತು ಮೇವನ್ ಸೆಂಟ್ರಲ್ ಅನ್ನುವ ಸಂಗ್ರಹಗಳಿಂದ ಲೈಬ್ರರಿಗಳನ್ನು ಇಳಿಸಿಕೊಂಡು, ಎಸ್‌ಡಿಕೆಯನ್ನೂ ಜೆಡಿಕೆಯನ್ನೂ ಕರೆದು, ಆಪ್ ಕಟ್ಟಿ ಕೊಡುತ್ತದೆ. ಹೀಗೆ ಎಲ್ಲರನ್ನೂ ಕೂಡಿಸುವುದು ಗ್ರೇಡಲ್‌ನ ಕೆಲಸ ಆದ್ದರಿಂದ ಯಾರು ಕೈಕೊಟ್ಟರೂ ಎರರ್ ಬರುವುದು ಗ್ರೇಡಲ್ ಹೆಸರಲ್ಲೇ. ಗ್ರೇಡಲ್ ಆ ಫೈಲ್‌ಗಳನ್ನು ಓದಿ ಬೇಕಾದ್ದನ್ನೆಲ್ಲ ಹೊಂದಿಸಿಕೊಳ್ಳುವುದಕ್ಕೆ ಸಿಂಕ್ ಅನ್ನುತ್ತಾರೆ. "ಗ್ರೇಡಲ್ ಸಿಂಕ್ ಫೇಲ್ಡ್" ಅಂದರೆ ಗ್ರೇಡಲ್ ಕೆಟ್ಟಿದೆ ಅಂತ ಅರ್ಥ ಮಾಡಿಕೊಳ್ಳಬೇಡಿ. ಏನೋ ಒಂದು ಸಿಗಲಿಲ್ಲ ಅಂತ ಅದು ಹೇಳುತ್ತಿದೆ.

ಮೊದಲ ದಿನ ಡೇಟಾ ಬೇಕು

ಸ್ಟುಡಿಯೊ ಇಳಿಸಿಕೊಳ್ಳಲು ಒಂದು ಜಿಬಿಗಿಂತ ಜಾಸ್ತಿ ಹೋಗುತ್ತದೆ. ಹಾಕಿದ ಮೇಲೆ ಅದು ಎಸ್‌ಡಿಕೆ ಇಳಿಸಿಕೊಳ್ಳುತ್ತದೆ. ಹೊಸ ಪ್ರಾಜೆಕ್ಟ್ ತೆರೆದರೆ ಗ್ರೇಡಲ್ ತನ್ನನ್ನೂ ಲೈಬ್ರರಿಗಳನ್ನೂ ಇಳಿಸಿಕೊಳ್ಳುತ್ತದೆ. ಎಮ್ಯುಲೇಟರ್ (ಲ್ಯಾಪ್‌ಟಾಪ್ ಒಳಗೇ ಓಡುವ ನಕಲಿ ಫೋನ್) ಬೇಕು ಅಂದರೆ ಅದರಲ್ಲಿ ಓಡುವ ಆಂಡ್ರಾಯ್ಡ್, ಅಂದರೆ ಸಿಸ್ಟಂ ಇಮೇಜ್ ಬೇರೆ, ಅದೂ ಒಂದು ಜಿಬಿ ಮೇಲೆ. ದಿನಕ್ಕೆ 1.5 ಜಿಬಿಯೋ 2 ಜಿಬಿಯೋ ಕೊಡುವ ಪ್ಯಾಕ್ ಇಟ್ಟುಕೊಂಡು ಫೋನಿನ ಹಾಟ್‌ಸ್ಪಾಟ್‌ನಲ್ಲಿ ಕೂತರೆ ಅರ್ಧದಲ್ಲೇ ಡೇಟಾ ಮುಗಿಯುತ್ತದೆ. ಆಮೇಲೆ ಸ್ಪೀಡ್ ಇಳಿದು ಎಲ್ಲವೂ ನಿಂತ ಹಾಗೆ ಕಾಣುತ್ತದೆ. ಎಷ್ಟೋ ಜನ ಇದನ್ನೇ ಸ್ಟುಡಿಯೊ ಹ್ಯಾಂಗ್ ಆಯಿತು ಅಂತ ತಿಳಿದು ಮುಚ್ಚಿಬಿಡುತ್ತಾರೆ.

ಹಾಗೆ ಮಧ್ಯದಲ್ಲಿ ಮುಚ್ಚಿದಾಗಲೋ ಕರೆಂಟ್ ಹೋಗಿ ವೈಫೈ ಆಫ್ ಆದಾಗಲೋ ಒಂದು ಕಾಟ ಶುರುವಾಗಬಹುದು. ಗ್ರೇಡಲ್‌ನ ಜಿಪ್ ಫೈಲ್ ಅರ್ಧ ಮಾತ್ರ ಇಳಿದಿರುತ್ತದೆ. ಮುಂದಿನ ಸಲ ಅದೇ ಅರ್ಧ ಫೈಲನ್ನು ಬಿಚ್ಚಲು ಹೋಗಿ "ಜಿಪ್ ಎಂಡ್ ಹೆಡರ್ ನಾಟ್ ಫೌಂಡ್" ಅನ್ನುತ್ತದೆ. ಸ್ಟುಡಿಯೊ ತೆಗೆದು ಮತ್ತೆ ಹಾಕಿದರೂ ಇದು ಹೋಗುವುದಿಲ್ಲ. ಯಾಕೆಂದರೆ ಆ ಫೈಲ್ ಸ್ಟುಡಿಯೊ ಒಳಗೆ ಇಲ್ಲ. ನಿಮ್ಮ ಹೆಸರಿನ ಫೋಲ್ಡರ್‌ನಲ್ಲಿ 'ಡಾಟ್ ಗ್ರೇಡಲ್' ಅಂತ ಒಂದಿದೆ. ಅದರೊಳಗೆ 'ರ್‍ಯಾಪರ್', ಅದರೊಳಗೆ 'ಡಿಸ್ಟ್ಸ್'. ಅಲ್ಲಿ ಆ ವರ್ಶನ್‌ನ ಫೋಲ್ಡರ್ ಮಾತ್ರ ಅಳಿಸಿ, ಮತ್ತೆ ಸಿಂಕ್ ಒತ್ತಿ. ಹೊಸದಾಗಿ ಇಳಿಸಿಕೊಂಡು ಮುಂದೆ ಹೋಗುತ್ತದೆ.

ಮೊದಲ ಸಿಂಕ್ ಒಂದನ್ನು ಸ್ನೇಹಿತರ ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಮುಗಿಸಿಕೊಂಡು ಬನ್ನಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಒಮ್ಮೆ ಇಳಿದದ್ದು ಡಾಟ್ ಗ್ರೇಡಲ್ ಫೋಲ್ಡರ್‌ನಲ್ಲೇ ಉಳಿಯುತ್ತದೆ. ಆಮೇಲೆ ಹೊಸ ಲೈಬ್ರರಿ ಸೇರಿಸುವ ತನಕ ಇಂಟರ್‌ನೆಟ್ ಹೆಚ್ಚು ಬೇಕಾಗುವುದಿಲ್ಲ. ಸ್ಟುಡಿಯೊದ ಬಲಗಡೆ ಗ್ರೇಡಲ್ ಪಟ್ಟಿ ತೆರೆದರೆ ಆಫ್‌ಲೈನ್ ಮೋಡ್ ಅಂತ ಒಂದು ಗುಂಡಿ ಇದೆ. ಅದನ್ನು ಆನ್ ಮಾಡಿದರೆ ಇರುವುದರಲ್ಲೇ ಕೆಲಸ ಮಾಡುತ್ತದೆ. ಕಾಲೇಜಿನಲ್ಲೋ ಆಫೀಸಿನಲ್ಲೋ ಪ್ರಾಕ್ಸಿ (ನಿಮಗೂ ಇಂಟರ್‌ನೆಟ್‌ಗೂ ನಡುವೆ ನಿಲ್ಲುವ ಸರ್ವರ್) ಇರುವ ನೆಟ್‌ವರ್ಕ್‌ನಲ್ಲಿ ಕೂತಿದ್ದರೆ ಮಾತ್ರ ಸ್ಟುಡಿಯೊದ ಸೆಟ್ಟಿಂಗ್ಸ್‌ನಲ್ಲಿ ಎಚ್‌ಟಿಟಿಪಿ ಪ್ರಾಕ್ಸಿ ತುಂಬಬೇಕು. ಬ್ರೌಸರ್‌ನಲ್ಲಿ ಎಲ್ಲಾ ತೆರೆಯುತ್ತೆ, ಗ್ರೇಡಲ್‌ನಲ್ಲಿ ಮಾತ್ರ ಕನೆಕ್ಷನ್ ಇಲ್ಲ ಅನ್ನುತ್ತೆ ಅಂತಾದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಫೋಲ್ಡರ್ ಹೆಸರಲ್ಲಿ ಕನ್ನಡ ಬೇಡ, ಆಪ್ ಒಳಗೆ ಬೇಕು

ಪ್ರಾಜೆಕ್ಟ್ ಎಲ್ಲಿ ಉಳಿಸಬೇಕು ಅಂತ ಸ್ಟುಡಿಯೊ ಕೇಳಿದಾಗ ಸುಮ್ನೆ ನೆಕ್ಸ್ಟ್ ಒತ್ತಿಬಿಡಬೇಡಿ. ವಿಂಡೋಸ್‌ನಲ್ಲಿ ಪ್ರಾಜೆಕ್ಟ್‌ನ ದಾರಿಯಲ್ಲಿ ಎಲ್ಲಾದರೂ ಕನ್ನಡ ಅಕ್ಷರ ಇದ್ದರೆ ಬಿಲ್ಡ್, ಅಂದರೆ ಆಪ್ ಕಟ್ಟುವ ಕೆಲಸ, ನಿಂತುಬಿಡುತ್ತದೆ. ನನ್-ಆಸ್ಕಿ ಅಕ್ಷರಗಳಿವೆ ಅಂತ ಎರರ್ ಬರುತ್ತದೆ. ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಬೇರೆ ಲಿಪಿ ಇದೆ ಅಂತ ಅದರ ದೂರು. ಕಂಪ್ಯೂಟರ್‌ಗೆ ಲಾಗಿನ್ ಹೆಸರನ್ನೇ ಕನ್ನಡದಲ್ಲಿ ಇಟ್ಟುಕೊಂಡವರಿಗೆ ಯೂಸರ್ಸ್ ಒಳಗಿನ ಫೋಲ್ಡರ್ ಕನ್ನಡದಲ್ಲಿ ಆಗಿಬಿಟ್ಟಿರಬಹುದು. ಅಂಥವರು ಸಿ ಡ್ರೈವ್‌ನ ಮೊದಲ ಹಂತದಲ್ಲೇ ಒಂದು ಇಂಗ್ಲಿಷ್ ಹೆಸರಿನ ಫೋಲ್ಡರ್ ಮಾಡಿ ಪ್ರಾಜೆಕ್ಟ್‌ಗಳನ್ನೂ ಎಸ್‌ಡಿಕೆಯನ್ನೂ ಅಲ್ಲಿಡುವುದು ಒಳ್ಳೆಯದು. ಹೆಸರಿನಲ್ಲಿ ಜಾಗ ಬಿಡದೆ ಬರೆಯಿರಿ. ಒನ್‌ಡ್ರೈವ್ ಸಿಂಕ್ ಮಾಡುವ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಕೂಡ ಬೇಡ. ಬಿಲ್ಡ್ ಆಗುವಾಗ ನೂರಾರು ಸಣ್ಣ ಫೈಲ್‌ಗಳು ಹುಟ್ಟಿ ಸಾಯುತ್ತಿರುತ್ತವೆ. ಅದೇ ಹೊತ್ತಿಗೆ ಇನ್ನೊಂದು ಪ್ರೋಗ್ರಾಂ ಅವನ್ನು ಮೇಲಕ್ಕೆ ಕಳಿಸಲು ಹಿಡಿದುಕೊಂಡಿದ್ದರೆ ಬಿಲ್ಡ್ ಮುಗ್ಗರಿಸುತ್ತದೆ.

ಆದರೆ ಫೈಲ್‌ಗಳ ಒಳಗೆ ಕನ್ನಡಕ್ಕೆ ಯಾವ ಅಡ್ಡಿಯೂ ಇಲ್ಲ. ಆಪ್‌ನಲ್ಲಿ ಕಾಣುವ ಮಾತುಗಳೆಲ್ಲ 'ರೆಸ್' ಫೋಲ್ಡರ್‌ನ 'ವ್ಯಾಲ್ಯೂಸ್' ಒಳಗೆ ಸ್ಟ್ರಿಂಗ್ಸ್ ಅನ್ನುವ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಇರುತ್ತವೆ. ಪಕ್ಕದಲ್ಲೇ 'ವ್ಯಾಲ್ಯೂಸ್-ಕೆಎನ್' ಅಂತ ಇನ್ನೊಂದು ಫೋಲ್ಡರ್ ಮಾಡಿ, ಅದೇ ಹೆಸರಿನ ಫೈಲ್ ಇಟ್ಟು, ಆಪ್ ಹೆಸರಿನ ಸಾಲಿನಲ್ಲಿ 'ನನ್ನ ಲೆಕ್ಕ' ಅಂತ ಬರೆಯಿರಿ. ಫೋನಿನ ಭಾಷೆ ಕನ್ನಡಕ್ಕೆ ಬದಲಾಯಿಸಿದ ಕೂಡಲೇ ಐಕಾನ್ ಕೆಳಗೆ ಆ ಹೆಸರು ಬರುತ್ತದೆ. ಇದಕ್ಕೆ ಕೋಡ್ ಒಂದು ಸಾಲೂ ಬೇಕಿಲ್ಲ, ಆಂಡ್ರಾಯ್ಡ್ ತಾನೇ ಆರಿಸಿಕೊಳ್ಳುತ್ತದೆ. ಕಲಿಯುವವರು ಮಾಡುವ ಮೊದಲ ಬದಲಾವಣೆ ಇದೇ ಆಗಲಿ ಅಂತ ನನ್ನ ಆಸೆ. ಬೆಂಗಳೂರಿನಲ್ಲಿ ಮಾಡಿದ ಎಷ್ಟೋ ಆಪ್‌ಗಳಲ್ಲಿ ಕನ್ನಡ ಇಲ್ಲ. ಎರಡು ನಿಮಿಷದ ಈ ಕೆಲಸ ಗೊತ್ತಿದ್ದವರು ಅದನ್ನು ಬಿಟ್ಟುಬಿಡಬಾರದು.

ಪ್ರಾಜೆಕ್ಟ್ ಶುರು ಮಾಡುವಾಗ ಇನ್ನೆರಡು ವಿಷಯ. ಪ್ಯಾಕೇಜ್ ಹೆಸರು 'ಕಾಮ್ ಡಾಟ್ ಎಕ್ಸಾಂಪಲ್' ಅಂತ ತಾನೇ ತುಂಬಿಕೊಂಡಿರುತ್ತದೆ. ಕಲಿಯಲು ಪರವಾಗಿಲ್ಲ, ಆದರೆ ಪ್ಲೇ ಸ್ಟೋರ್ ಅದನ್ನು ತೆಗೆದುಕೊಳ್ಳುವುದಿಲ್ಲ. ಒಮ್ಮೆ ಪ್ರಕಟಿಸಿದ ಮೇಲೆ ಆಪ್‌ನ ಈ ಗುರುತನ್ನು ಬದಲಾಯಿಸಲೂ ಆಗುವುದಿಲ್ಲ. ಇನ್ನೊಂದು, ಟೆಂಪ್ಲೇಟ್ ಆಯ್ಕೆ. ಹಳೆಯ ವಿಡಿಯೋಗಳಲ್ಲಿ 'ಎಂಪ್ಟಿ ಆಕ್ಟಿವಿಟಿ' ಒತ್ತಿದರೆ ಪರದೆಯ ವಿನ್ಯಾಸ ಬರೆಯುವ ಎಕ್ಸ್‌ಎಂಎಲ್ ಲೇಔಟ್ ಫೈಲ್ ಬರುತ್ತಿತ್ತು. ಈಗ ಅದೇ ಹೆಸರು ಒತ್ತಿದರೆ ವಿನ್ಯಾಸವನ್ನೂ ಕೋಟ್ಲಿನ್‌ನಲ್ಲೇ ಬರೆಯುವ ಜೆಟ್‌ಪ್ಯಾಕ್ ಕಂಪೋಸ್ ಬರುತ್ತದೆ. ಕಂಪೋಸ್‌ನ 1.0 ಬಂದಿದ್ದು 2021ರಲ್ಲಿ. ಹಳೆಯ ರೀತಿ ಬೇಕಾದರೆ 'ಎಂಪ್ಟಿ ವ್ಯೂಸ್ ಆಕ್ಟಿವಿಟಿ' ಆರಿಸಬೇಕು. ವಿಡಿಯೋದಲ್ಲಿ ಇರುವ ಫೈಲ್ ನನ್ನ ಹತ್ತಿರ ಇಲ್ಲವೇ ಇಲ್ಲ ಅಂತ ಪರದಾಡುವವರ ಸಮಸ್ಯೆ ಹೆಚ್ಚಾಗಿ ಇದೇ. ಸ್ಟುಡಿಯೊ ವರ್ಶನ್‌ಗಳಿಗೆ ಆರ್ಕ್ಟಿಕ್ ಫಾಕ್ಸ್, ಬಂಬಲ್‌ಬೀ, ಚಿಪ್‌ಮಂಕ್ ಹೀಗೆ ಅಕಾರಾದಿಯಾಗಿ ಪ್ರಾಣಿಗಳ ಹೆಸರಿಡುತ್ತಾರೆ. ಫ್ಲೆಮಿಂಗೊಗಿಂತ ಹಿಂದಿನ ವಿಡಿಯೋ ಆದರೆ ಮೆನುಗಳು ಹೊಂದುವುದಿಲ್ಲ ಅಂತ ಲೆಕ್ಕ ಇಟ್ಟುಕೊಳ್ಳಿ.

ಎರಡು ಜಾವಾ ಇದ್ದಾಗ

ಕಾಲೇಜಿನ ಜಾವಾ ಲ್ಯಾಬ್‌ಗಾಗಿ ಜೆಡಿಕೆ 8 ಹಾಕಿಕೊಂಡಿದ್ದವರು ತುಂಬಾ ಜನ. ಜಾವಾ ಎಲ್ಲಿದೆ ಅಂತ ಪ್ರೋಗ್ರಾಂಗಳಿಗೆ ಹೇಳುವ 'ಜಾವಾ ಹೋಮ್' ಅನ್ನುವ ವಿಂಡೋಸ್ ಸೆಟ್ಟಿಂಗ್ (ಎನ್ವಿರಾನ್ಮೆಂಟ್ ವೇರಿಯಬಲ್) ಇನ್ನೂ ಅದನ್ನೇ ತೋರಿಸುತ್ತಿರುತ್ತದೆ. ಸ್ಟುಡಿಯೊ ಒಳಗೆ ರನ್ ಒತ್ತಿದರೆ ಆಪ್ ಓಡುತ್ತದೆ. ಅದೇ ಪ್ರಾಜೆಕ್ಟನ್ನು ಟರ್ಮಿನಲ್‌ನಲ್ಲಿ (ಕಮ್ಯಾಂಡ್ ಟೈಪ್ ಮಾಡುವ ಕಿಟಕಿ) ಗ್ರೇಡಲ್ ಕಮ್ಯಾಂಡ್ ಕೊಟ್ಟು ಕಟ್ಟಲು ಹೋದರೆ ಹಳೆಯ ಜಾವಾ ಅಂತ ಎರರ್. ಒಂದೇ ಪ್ರಾಜೆಕ್ಟ್, ಎರಡು ಉತ್ತರ. ಕಾರಣ ಸರಳ. ಸ್ಟುಡಿಯೊ ತನ್ನ ಜೊತೆ ಬಂದ ಜಾವಾ ಬಳಸುತ್ತದೆ. ಟರ್ಮಿನಲ್ ಮಾತ್ರ ಜಾವಾ ಹೋಮ್ ತೋರಿಸಿದ ಕಡೆ ಹೋಗುತ್ತದೆ.

ಗ್ರೇಡಲ್‌ಗೆ ಆಂಡ್ರಾಯ್ಡ್ ಆಪ್ ಕಟ್ಟುವುದನ್ನು ಕಲಿಸುವ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್‌ಗೆ 8ನೇ ವರ್ಶನ್‌ನಿಂದ ಜೆಡಿಕೆ 17 ಬೇಕೇ ಬೇಕು. ಜಾವಾ ಹೋಮ್ ಬದಲಿಸಿ ಸ್ಟುಡಿಯೊ ಫೋಲ್ಡರ್ ಒಳಗಿನ 'ಜೆಬಿಆರ್' ಕಡೆ ತೋರಿಸಿದರೆ ಎರಡೂ ಕಡೆ ಒಂದೇ ಜಾವಾ ಆಗುತ್ತದೆ. ಲ್ಯಾಬ್‌ಗೆ ಹಳೆಯದು ಬೇಕಿದ್ದರೆ ಅದನ್ನು ಅಳಿಸಬೇಕಿಲ್ಲ, ಪಕ್ಕದಲ್ಲಿ ಇರಲಿ. ಸ್ಟುಡಿಯೊ ಒಳಗೇ ಈ ತಕರಾರು ಬಂದರೆ ಸೆಟ್ಟಿಂಗ್ಸ್‌ನ ಗ್ರೇಡಲ್ ಪುಟದಲ್ಲಿ 'ಗ್ರೇಡಲ್ ಜೆಡಿಕೆ' ಅನ್ನುವ ಆಯ್ಕೆ ಇದೆ, ಅಲ್ಲಿ ನೋಡಿ.

ಇಂಥದ್ದೇ ಇನ್ನೊಂದು. ಸ್ನೇಹಿತರ ಪ್ರಾಜೆಕ್ಟನ್ನು ಪೆನ್‌ಡ್ರೈವ್‌ನಲ್ಲಿ ತಂದು ತೆರೆದಾಗ ಎಸ್‌ಡಿಕೆ ದಾರಿ ತಪ್ಪು ಅಂತ ಹೇಳುತ್ತದೆ. ಪ್ರಾಜೆಕ್ಟ್ ಒಳಗೆ 'ಲೋಕಲ್ ಡಾಟ್ ಪ್ರಾಪರ್ಟೀಸ್' ಅಂತ ಒಂದು ಸಣ್ಣ ಫೈಲ್ ಇದೆ. ಅದರಲ್ಲಿ ಅವರ ಲ್ಯಾಪ್‌ಟಾಪಿನ ದಾರಿ ಬರೆದಿರುತ್ತದೆ. ಹೆಸರೇ ಹೇಳುವ ಹಾಗೆ ಅದು ಆಯಾ ಕಂಪ್ಯೂಟರ್‌ಗೆ ಮಾತ್ರ ಸೇರಿದ್ದು. ಅಳಿಸಿ ಮತ್ತೆ ತೆರೆಯಿರಿ. ಸ್ಟುಡಿಯೊ ನಿಮ್ಮ ದಾರಿ ಹಾಕಿ ಹೊಸದು ಮಾಡಿಕೊಳ್ಳುತ್ತದೆ. ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಬಳಸುತ್ತಿದ್ದರೆ ಅದಕ್ಕೆ ಆ ಫೈಲ್ ಸೇರಿಸಬೇಡಿ.

ರ್‍ಯಾಮ್ ಲೆಕ್ಕ

ಹಾಸನದಿಂದ ಬಂದು ಚಂದ್ರಾ ಲೇಔಟ್‌ನ ಪಿಜಿಯಲ್ಲಿರುವ ಹುಡುಗನೊಬ್ಬ ಹಿಂದೊಮ್ಮೆ ನನ್ನ ಹತ್ತಿರ ಲ್ಯಾಪ್‌ಟಾಪ್ ತಂದಿದ್ದ.

"ಅಣ್ಣಾ, ಎಮ್ಯುಲೇಟರ್ ಆನ್ ಮಾಡಿದ್ರೆ ಮೌಸೇ ಅಲ್ಲಾಡಲ್ಲ."

"ರ್‍ಯಾಮ್ ಎಷ್ಟಿದೆ?"

"ಎಂಟು ಜಿಬಿ. ಎಂಟು ಸಾಕು ಅಂತ ಗೂಗಲ್‌ನವ್ರೇ ಹಾಕಿದ್ದಾರಲ್ಲ ಅಣ್ಣಾ."

"ಟಾಸ್ಕ್ ಮ್ಯಾನೇಜರ್ ತೆಗಿ, ನೋಡೋಣ."

ತೆಗೆದು ಮೆಮೊರಿ ಲೆಕ್ಕ ಹಾಕಿದೆವು. ವಿಂಡೋಸ್ ಮತ್ತು ಕ್ರೋಮ್ ಸೇರಿಯೇ ಮೂರು ಜಿಬಿ ಮೇಲೆ ತಿಂದಿದ್ದವು. ಸ್ಟುಡಿಯೊ ಒಂದು ಪಾಲು. ಅದರ ಪಕ್ಕದಲ್ಲಿ ಗ್ರೇಡಲ್ ಬೇರೆ ಪ್ರೋಗ್ರಾಂ ಆಗಿ ಓಡುತ್ತಿತ್ತು. ಹೊಸ ಪ್ರಾಜೆಕ್ಟ್‌ಗಳಲ್ಲಿ ಅದಕ್ಕೆ 2048 ಎಂಬಿ ತನಕ ಬಳಸಿಕೊಳ್ಳುವ ಅನುಮತಿ ಇರುತ್ತದೆ. ಇಷ್ಟರ ಮೇಲೆ ಎಮ್ಯುಲೇಟರ್ ಅಂದರೆ ಇನ್ನೊಂದು ಇಡೀ ಫೋನು, ಅದಕ್ಕೆ ತನ್ನದೇ ಎರಡು ಜಿಬಿ. ಎಂಟರಲ್ಲಿ ಇದೆಲ್ಲ ಹಿಡಿಸುವುದಿಲ್ಲ. ಹಿಡಿಸದೆ ಇದ್ದಾಗ ವಿಂಡೋಸ್ ಮೆಮೊರಿಯನ್ನು ಡಿಸ್ಕ್‌ಗೆ ಇಳಿಸಿ ಮತ್ತೆ ಎತ್ತಿಕೊಳ್ಳುತ್ತಾ ಇರುತ್ತದೆ. ಮೌಸ್ ಅಲ್ಲಾಡದೆ ಇರುವುದು ಆಗಲೇ. ಗೂಗಲ್ ಹೇಳುವ 8 ಜಿಬಿ ಸ್ಟುಡಿಯೊ ಒಂದಕ್ಕೇ. ಎಮ್ಯುಲೇಟರ್ ಕೂಡ ಬೇಕು ಅಂದರೆ 16 ಜಿಬಿ ಇರಲಿ ಅಂತ ಅವರೇ ಹೇಳುತ್ತಾರೆ.

ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರೋಡ್‌ಗೆ ಹೋಗುವುದು ಒಳ್ಳೆಯದು. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿದರೆ ಎಷ್ಟು ಸ್ಲಾಟ್ ಇವೆ, ಎಷ್ಟು ತುಂಬಿವೆ ಅಂತ ತೋರಿಸುತ್ತದೆ. ಎರಡರಲ್ಲಿ ಒಂದು ಖಾಲಿ ಇದ್ದರೆ ಅದೃಷ್ಟ. ಇನ್ನೊಂದು 8 ಜಿಬಿ ಹಾಕಿಸಿದರೆ ಮುಗಿಯಿತು. ಡಿಡಿಆರ್4 ಅಥವಾ ಡಿಡಿಆರ್5, ಯಾವುದು ಅಂತ ಮೊದಲೇ ತಿಳಿದುಕೊಂಡು ಹೋಗಿ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ತೆಳ್ಳಗಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಬೋರ್ಡ್‌ಗೇ ಬೆಸೆದಿರುತ್ತದೆ, ಅದಕ್ಕೆ ಏನೂ ಮಾಡಲಾಗದು. ಹಾರ್ಡ್ ಡಿಸ್ಕ್ ಇನ್ನೂ ಹಳೆಯ ತಿರುಗುವ ಥರದ್ದಾದರೆ ರ್‍ಯಾಮ್‌ಗಿಂತ ಮೊದಲು ಎಸ್‌ಎಸ್‌ಡಿ ಹಾಕಿಸಿ. ಗ್ರೇಡಲ್ ಓದಿ ಬರೆಯುವುದೆಲ್ಲ ಸಣ್ಣ ಸಣ್ಣ ಫೈಲ್‌ಗಳು. ಎಸ್‌ಎಸ್‌ಡಿಯಲ್ಲಿ ಅದರ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ರ್‍ಯಾಮ್ ಸಾಕಷ್ಟಿದ್ದೂ ಎಮ್ಯುಲೇಟರ್ ಏಳದಿದ್ದರೆ ವರ್ಚುವಲೈಸೇಶನ್ (ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು ಓಡಿಸುವ ಸೌಲಭ್ಯ) ಆಫ್ ಆಗಿರಬಹುದು. ಅದೇ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಒತ್ತಿ ನೋಡಿ. 'ವರ್ಚುವಲೈಸೇಶನ್' ಮುಂದೆ 'ಡಿಸೇಬಲ್ಡ್' ಇದ್ದರೆ ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಬಯಾಸ್ ಸೆಟ್ಟಿಂಗ್‌ಗೆ ಹೋಗಿ ಆನ್ ಮಾಡಬೇಕು. ಇಂಟೆಲ್‌ನಲ್ಲಿ ಅದನ್ನು ವಿಟಿ-ಎಕ್ಸ್ ಅನ್ನುತ್ತಾರೆ, ಎಎಂಡಿಯಲ್ಲಿ ಎಸ್‌ವಿಎಂ. ಹಳೆಯ ಪಾಠಗಳು ಎಮ್ಯುಲೇಟರ್ ವೇಗಕ್ಕೆ ಇಂಟೆಲ್‌ನ ಹ್ಯಾಕ್ಸಂ ಹಾಕಿ ಅನ್ನುತ್ತವೆ. 2023ರಲ್ಲೇ ಇಂಟೆಲ್ ಅದನ್ನು ನಿಲ್ಲಿಸಿತು, ಅದರ ಹಿಂದೆ ಹೋಗಬೇಡಿ. ವಿಂಡೋಸ್ ಫೀಚರ್ಸ್‌ನಲ್ಲಿ 'ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್' ಟಿಕ್ ಮಾಡಿದರೆ ಸಾಕು. ಲಿನಕ್ಸ್‌ನಲ್ಲಾದರೆ ಅದೇ ಕೆಲಸಕ್ಕೆ ಕೆವಿಎಂ ಇದೆ. ನಿಮ್ಮ ಹೆಸರು ಆ ಗ್ರೂಪ್‌ನಲ್ಲಿದೆಯಾ ನೋಡಿಕೊಳ್ಳಿ.

ಎಮ್ಯುಲೇಟರ್ ಬಿಡಿ, ಜೇಬಿನ ಫೋನ್ ತೆಗೆಯಿರಿ

ಆ ಹುಡುಗನಿಗೆ ನಾನು ಹೇಳಿದ್ದು ಇದನ್ನೇ. ಹೊಸಬರಿಗೆ ಎಮ್ಯುಲೇಟರ್‌ಗಿಂತ ನಿಜವಾದ ಫೋನೇ ವಾಸಿ. ರ್‍ಯಾಮ್ ಉಳಿಯುತ್ತದೆ, ಸಿಸ್ಟಂ ಇಮೇಜ್ ಇಳಿಸುವ ಡೇಟಾ ಉಳಿಯುತ್ತದೆ, ಮಾಡಿದ ಆಪ್ ಕೈಯಲ್ಲೇ ಇರುತ್ತದೆ. ಆಂಡ್ರಾಯ್ಡ್ ಫೋನ್ ಇಲ್ಲದ ಕಲಿಯುವವರು ಬೆಂಗಳೂರಿನಲ್ಲಿ ಎಷ್ಟು ಜನ ಇದ್ದಾರು?

ಸೆಟ್ಟಿಂಗ್ಸ್‌ನ 'ಅಬೌಟ್ ಫೋನ್' ಒಳಗೆ 'ಬಿಲ್ಡ್ ನಂಬರ್' ಹುಡುಕಿ, ಅದರ ಮೇಲೆ 7 ಸಲ ತಟ್ಟಿ. 'ಡೆವಲಪರ್ ಆಪ್ಶನ್ಸ್' ತೆರೆದುಕೊಳ್ಳುತ್ತದೆ. ಅಲ್ಲಿ 'ಯುಎಸ್‌ಬಿ ಡೀಬಗಿಂಗ್' ಆನ್ ಮಾಡಿ ಕೇಬಲ್ ಚುಚ್ಚಿ. ಫೋನಿನ ಪರದೆ ಮೇಲೆ ಈ ಕಂಪ್ಯೂಟರನ್ನು ನಂಬಬಹುದಾ ಅಂತ ಕೇಳುತ್ತದೆ. ಒಪ್ಪಿಕೊಳ್ಳಿ. ಫೋನ್ ಲಾಕ್ ಆಗಿದ್ದರೆ ಈ ಪ್ರಶ್ನೆ ಕಣ್ಣಿಗೇ ಬೀಳುವುದಿಲ್ಲ, ಆಗ ಟರ್ಮಿನಲ್‌ನಲ್ಲಿ 'ಎಡಿಬಿ ಡಿವೈಸಸ್' ಅಂದರೆ 'ಅನ್‌ಆಥರೈಸ್ಡ್' ಅಂತ ಬರುತ್ತದೆ.

ಪಟ್ಟಿಯೇ ಖಾಲಿ ಬಂದರೆ ಮೊದಲು ಕೇಬಲ್ ಬದಲಿಸಿ. ಇದನ್ನು ಒತ್ತಿ ಹೇಳುತ್ತೇನೆ. ರಸ್ತೆ ಬದಿಯಲ್ಲಿ ಸಿಗುವ ಕಡಿಮೆ ಬೆಲೆಯ ಎಷ್ಟೋ ಕೇಬಲ್‌ಗಳಲ್ಲಿ ಚಾರ್ಜ್ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿ ಇರುವುದೇ ಇಲ್ಲ. ಫೋನ್ ಚಾರ್ಜ್ ಆಗುತ್ತಿದೆಯಲ್ಲ, ಕೇಬಲ್ ಸರಿ ಇದೆ ಅಂತ ತಿಳಿದು ಡ್ರೈವರ್ ಮೇಲೆ ಡ್ರೈವರ್ ಹಾಕುತ್ತಾ ಕೂರುತ್ತಾರೆ. ಕೇಬಲ್ ಸರಿ ಇದ್ದೂ ಬಾರದಿದ್ದರೆ ವಿಂಡೋಸ್‌ನಲ್ಲಿ ಆ ಫೋನ್ ಕಂಪನಿಯ ಯುಎಸ್‌ಬಿ ಡ್ರೈವರ್ ಹಾಕಬೇಕಾಗಬಹುದು. ಶವೋಮಿ ಫೋನ್‌ಗಳಲ್ಲಿ 'ಇನ್‌ಸ್ಟಾಲ್ ವಯಾ ಯುಎಸ್‌ಬಿ' ಅಂತ ಇನ್ನೊಂದು ಸ್ವಿಚ್ ಇದೆ. ಅದನ್ನು ಆನ್ ಮಾಡದಿದ್ದರೆ ಫೋನ್ ಕಾಣುತ್ತದೆ, ಆಪ್ ಮಾತ್ರ ಇಳಿಯುವುದಿಲ್ಲ.

ಆಂಡ್ರಾಯ್ಡ್ 11ರಿಂದ ಕೇಬಲ್ಲೂ ಬೇಕಿಲ್ಲ. 'ವೈರ್‌ಲೆಸ್ ಡೀಬಗಿಂಗ್' ಆನ್ ಮಾಡಿ ಸ್ಟುಡಿಯೊ ತೋರಿಸುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಾಕು. ಎರಡೂ ಒಂದೇ ವೈಫೈನಲ್ಲಿರಬೇಕು. ಪಿಜಿ, ಕಾಲೇಜು, ಕೆಫೆಗಳ ವೈಫೈನಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದ ಹಾಗೆ ತಡೆ ಹಾಕಿರುವುದುಂಟು. ಅಲ್ಲಿ ಇದು ನಡೆಯುವುದಿಲ್ಲ. ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಸೇರಿಸಿ ನೋಡಬಹುದು.

ಆಪ್ ತೆರೆದ ಕೂಡಲೇ ಮುಚ್ಚಿಕೊಂಡರೆ ಸ್ಟುಡಿಯೊ ಕೆಳಗೆ ಫೋನಿನ ಸಂದೇಶಗಳನ್ನು ತೋರಿಸುವ ಲಾಗ್‌ಕ್ಯಾಟ್ ನೋಡಿ. ಕೆಂಪು ಸಾಲುಗಳ ರಾಶಿ ಇರುತ್ತದೆ. ಎಲ್ಲವನ್ನೂ ಓದಬೇಕಿಲ್ಲ. 'ಕಾಸ್ಡ್ ಬೈ' ಅಂತ ಶುರುವಾಗುವ ಸಾಲು ಹುಡುಕಿ, ಹಲವು ಇದ್ದರೆ ಕೊನೆಯದನ್ನು ಹಿಡಿಯಿರಿ. ಅಸಲು ಕಾರಣ ಸಾಮಾನ್ಯವಾಗಿ ಅಲ್ಲಿರುತ್ತದೆ. ಬಿಲ್ಡ್ ಎರರ್‌ಗೂ ಇದೇ ರೀತಿ. ಮೇಲಿನ 'ಬಿಲ್ಡ್ ಫೇಲ್ಡ್' ಸಾಲನ್ನು ಗೂಗಲ್‌ನಲ್ಲಿ ಹಾಕಿ ಹುಡುಕಿದರೆ ಲಕ್ಷ ಉತ್ತರ ಬರುತ್ತವೆ, ಒಂದೂ ನಿಮ್ಮದಾಗಿರುವುದಿಲ್ಲ. ಕೆಳಗಿನ ಆ ಒಂದು ಸಾಲು ಹಾಕಿ.

ಫ್ಲಟರ್, ರಿಯಾಕ್ಟ್ ನೇಟಿವ್, ಐಫೋನ್

ಒಂದೇ ಕೋಡ್‌ನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆಪ್ ಮಾಡುವ ಫ್ಲಟರ್ ಕಲಿತರೆ ಇದೆಲ್ಲ ಬೇಡ ಅಂತ ಕೆಲವರು ಹೇಳುತ್ತಾರೆ. ಬೇಕು. ಫ್ಲಟರ್ ಕೂಡ ಆಂಡ್ರಾಯ್ಡ್ ಆಪ್ ಕಟ್ಟುವಾಗ ಇದೇ ಎಸ್‌ಡಿಕೆ, ಇದೇ ಗ್ರೇಡಲ್ ಬಳಸುತ್ತದೆ. ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು 'ಫ್ಲಟರ್ ಡಾಕ್ಟರ್' ಅನ್ನುವ ಕಮ್ಯಾಂಡ್. ಕೊಟ್ಟರೆ ಏನೇನು ಸರಿ ಇದೆ, ಏನು ಇಲ್ಲ ಅಂತ ಸಾಲು ಸಾಲಾಗಿ ಹೇಳುತ್ತದೆ. ಹೊಸಬರಿಗೆ ಅಲ್ಲಿ ಹೆಚ್ಚಾಗಿ ಕಾಣುವ ದೂರು ಕಮ್ಯಾಂಡ್‌ಲೈನ್ ಟೂಲ್ಸ್ ಇಲ್ಲ ಅನ್ನುವುದು. ಸ್ಟುಡಿಯೊದ ಎಸ್‌ಡಿಕೆ ಮ್ಯಾನೇಜರ್‌ನಲ್ಲಿ 'ಎಸ್‌ಡಿಕೆ ಟೂಲ್ಸ್' ಪುಟಕ್ಕೆ ಹೋಗಿ ಅದನ್ನು ಟಿಕ್ ಮಾಡಿದರೆ ಸರಿಹೋಗುತ್ತದೆ. ಆಮೇಲೆ ಲೈಸೆನ್ಸ್‌ಗಳನ್ನು ಒಪ್ಪಿಕೊಳ್ಳಬೇಕು. ವಿಶುವಲ್ ಸ್ಟುಡಿಯೊ ಇಲ್ಲ ಅಂತ ಬಂದರೆ ಬಿಟ್ಟುಬಿಡಿ. ಅದು ವಿಂಡೋಸ್ ಡೆಸ್ಕ್‌ಟಾಪ್ ಆಪ್ ಮಾಡುವವರಿಗೆ.

ಲ್ಯಾಪ್‌ಟಾಪ್ ತುಂಬಾ ಹಳೆಯದಾದರೆ ಜಾವಾಸ್ಕ್ರಿಪ್ಟ್‌ನಲ್ಲಿ ಆಪ್ ಬರೆಯುವ ರಿಯಾಕ್ಟ್ ನೇಟಿವ್ ಜೊತೆ, ಅದನ್ನು ಸುಲಭ ಮಾಡುವ ಎಕ್ಸ್‌ಪೋ ಒಂದು ಒಳ್ಳೆ ದಾರಿ. ಲ್ಯಾಪ್‌ಟಾಪ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ ಹಾಕಿಕೊಂಡು, ಫೋನಿನಲ್ಲಿ 'ಎಕ್ಸ್‌ಪೋ ಗೋ' ಆಪ್ ಇಟ್ಟುಕೊಂಡರೆ ಆಂಡ್ರಾಯ್ಡ್ ಸ್ಟುಡಿಯೊ ಇಲ್ಲದೆಯೇ ಶುರು ಮಾಡಬಹುದು. ಪಿಜಿ ವೈಫೈ ತಡೆದರೆ ಅದರಲ್ಲಿ ಟನಲ್ ಅನ್ನುವ ಆಯ್ಕೆಯೂ ಇದೆ.

ಐಫೋನ್ ಆಪ್‌ಗೆ ಆಪಲ್‌ನ ಎಕ್ಸ್‌ಕೋಡ್ ಅನ್ನುವ ಸಾಫ್ಟ್‌ವೇರ್ ಬೇಕು, ಎಕ್ಸ್‌ಕೋಡ್‌ಗೆ ಮ್ಯಾಕ್ ಬೇಕು. ಆಪ್ ಸ್ಟೋರ್‌ಗೆ ಹಾಕಲು ವರ್ಷಕ್ಕೆ 99 ಡಾಲರ್. ಪ್ಲೇ ಸ್ಟೋರ್‌ಗೆ ಒಮ್ಮೆ 25 ಡಾಲರ್ ಕಟ್ಟಿದರೆ ಆಯಿತು. ಕಲಿಯುವ ಹಂತದಲ್ಲಿ ಎರಡೂ ಕಟ್ಟಬೇಕಿಲ್ಲ.

ಅಪ್‌ಡೇಟ್ ಬಂದಾಗ

ಎಲ್ಲಾ ಸರಿಯಾಗಿ ಓಡುತ್ತಿರುವಾಗ ಸ್ಟುಡಿಯೊ ಮೂಲೆಯಲ್ಲಿ ಒಂದು ಸಣ್ಣ ಪೆಟ್ಟಿಗೆ ಬರುತ್ತದೆ. ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ ಹೊಸದು ಬಂದಿದೆ, ಅಪ್‌ಗ್ರೇಡ್ ಮಾಡಲಾ ಅಂತ. ಅದು ಸ್ಟುಡಿಯೊದ ಅಪ್‌ಡೇಟ್ ಅಲ್ಲ, ನಿಮ್ಮ ಪ್ರಾಜೆಕ್ಟ್‌ನ ಫೈಲ್‌ಗಳನ್ನೇ ಬದಲಿಸುತ್ತದೆ. ಪ್ಲಗಿನ್ ವರ್ಶನ್ ಏರಿದರೆ ಗ್ರೇಡಲ್ ವರ್ಶನ್ ಏರಬೇಕು. ಕೆಲವೊಮ್ಮೆ ಕೋಟ್ಲಿನ್‌ನದ್ದೂ ಜೆಡಿಕೆಯದ್ದೂ ಏರಬೇಕು. ಪಾಠ ಅರ್ಧದಲ್ಲಿದ್ದಾಗ ಅದನ್ನು ಒತ್ತಬೇಡಿ. ಪಾಠದವರು ಯಾವ ವರ್ಶನ್ ಬಳಸಿದ್ದಾರೋ ಅದರಲ್ಲೇ ಮುಗಿಸಿ. ಆಪ್‌ನ ಎಪಿಐ ಲೆವೆಲ್ ವಿಷಯ ಬೇರೆ. ಪ್ಲೇ ಸ್ಟೋರ್‌ಗೆ ಹಾಕುವಾಗ ಟಾರ್ಗೆಟ್ ಎಸ್‌ಡಿಕೆ (ಆಪ್ ಯಾವ ಎಪಿಐ ಲೆವೆಲ್‌ಗಾಗಿ ಮಾಡಿದ್ದು ಅನ್ನುವ ನಂಬರ್) ಹಳೆಯದಿದ್ದರೆ ನಡೆಯುವುದಿಲ್ಲ. 2025ರ ಆಗಸ್ಟ್ 31ರಿಂದ ಹೊಸ ಆಪ್‌ಗಳಿಗೆ ಕನಿಷ್ಠ 35 ಇರಬೇಕು ಅಂತ ಗೂಗಲ್ ನಿಯಮ ಮಾಡಿತ್ತು. ಪ್ರಕಟಿಸುವ ಹೊತ್ತಿಗೆ ಹೇಗೂ ಏರಿಸಬೇಕು. ಏರಿಸುವ ಮುಂಚೆ ಗಿಟ್‌ನಲ್ಲಿ ಒಂದು ಕಮಿಟ್ ಮಾಡಿ ಇಡಿ. ಕೆಟ್ಟರೆ ಒಂದು ಕಮ್ಯಾಂಡ್‌ನಲ್ಲಿ ಹಿಂದಕ್ಕೆ ಬರಬಹುದು.